ಎಲೆಯನ್ನು ತೆಗೆಯುವುದೋ, ಉಳಿಸುವುದೋ? — ಗಾಂಜಾ ಬೆಳೆಯ ಚರಿತ್ರೆಯಲ್ಲಿ ಒಂದು ವಿಚಾರ

ಗಾಂಜಾ ಬೆಳೆಗೆ ಕಾನೂನಿನ ಸಮ್ಮತಿ ದೊರೆತಿರುವ ದೇಶಗಳಲ್ಲಿ ಅದನ್ನು ಈಗ ಬಹುಮಟ್ಟಿಗೆ ಮುಚ್ಚಿದ ಕೋಣೆಗಳಲ್ಲಿ, ವಿದ್ಯುದ್ದೀಪದ ಬೆಳಕಿನಲ್ಲಿ ಬೆಳೆಸುವುದು ರೂಢಿಗೆ ಬಂದಿದೆ. ಹಾಗೆ ಬೆಳೆಸುವವರ ನಡುವೆ ಇನ್ನೂ ತೀರ್ಮಾನವಾಗದೆ ಉಳಿದಿರುವ ವಾದವೊಂದುಂಟು: ಗಿಡ ಬೆಳೆಯುತ್ತಿರುವಾಗಲೇ ಅದರ ಅಗಲವಾದ ಎಲೆಗಳನ್ನು ಕಿತ್ತುಹಾಕಬೇಕೇ, ಇಲ್ಲವೇ ಅವು ತಾವಾಗಿ ಹಣ್ಣಾಗಿ ಉದುರುವವರೆಗೆ ಬಿಡಬೇಕೇ? ಇದು ತೋಟಗಾರಿಕೆಯ ಪ್ರಶ್ನೆ. ಚರಿತ್ರೆಯ ವಿಭಾಗದ ಪತ್ರಿಕೆಯಲ್ಲಿ ಇದಕ್ಕೇನು ಕೆಲಸ ಎಂದು ವಾಚಕರು ಕೇಳಿದರೆ ಅದು ಸಹಜವೇ. ಆದರೆ 1893-94ರ ಭಾರತೀಯ ಗಾಂಜಾ ಆಯೋಗದ ವಿಚಾರಣೆಯನ್ನು ತರಗತಿಯಲ್ಲಿ ಪಾಠ ಹೇಳುವಾಗ, ಈ ಸಸ್ಯದ ಯಾವ ಭಾಗವನ್ನು ಉಳಿಸಬೇಕು, ಯಾವುದನ್ನು ಕತ್ತರಿಸಬೇಕು ಎಂಬ ವಿವೇಚನೆ ನಮ್ಮ ಉಪಖಂಡದಲ್ಲಿ ಒಂದು ಶತಮಾನಕ್ಕೂ ಹಿಂದೆಯೇ ಬಹಳ ಮುಂದುವರಿದಿದ್ದಿತೆಂಬುದು ನಮ್ಮ ಗಮನಕ್ಕೆ ಬಂದಿತು. ಆ ವಿವೇಚನೆಯನ್ನು ರೂಪಿಸಿದುದು ಬೆಳಕು, ನೀರು, ಗೊಬ್ಬರಗಳು ಮಾತ್ರವಲ್ಲ. ಸರ್ಕಾರವು ಏನನ್ನು ಎಣಿಸುತ್ತಿತ್ತು, ಏನನ್ನು ತೂಗುತ್ತಿತ್ತು ಎಂಬುದೂ ಅದರಲ್ಲಿ ಸೇರಿತ್ತು. ಇದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಸಸ್ಯದ ವಿಷಯವಾಗಿ ಎರಡು ಮಾತು. ಗಾಂಜಾ ಗಿಡದಲ್ಲಿ ಗಂಡು ಹೂವೂ ಹೆಣ್ಣು ಹೂವೂ ಸಾಮಾನ್ಯವಾಗಿ ಬೇರೆ ಬೇರೆ ಗಿಡಗಳಲ್ಲಿರುತ್ತವೆ. ಮಾದಕ ದ್ರವ್ಯವಿರುವ ರಾಳವು ಹೆಣ್ಣು ಹೂಗೊಂಚಲನ್ನು ಸುತ್ತಿರುವ ಪುಟ್ಟ ಹೊದಿಕೆಗಳ ಮೇಲಿನ ಗ್ರಂಥಿರೋಮಗಳಲ್ಲಿ ಹೇರಳವಾಗಿ ಸಂಗ್ರಹವಾಗುತ್ತದೆ. ಕೈ ಬೆರಳುಗಳಂತೆ ಹರಡಿಕೊಂಡಿರುವ ದೊಡ್ಡ ಎಲೆಯಲ್ಲಿ ಅದು ಅತ್ಯಲ್ಪ. ಆದರೂ ಆ ರಾಳಕ್ಕೆ ಬೇಕಾದ ಆಹಾರವನ್ನು ಸಿದ್ಧಪಡಿಸುವುದು ಆ ದೊಡ್ಡ ಎಲೆಯೇ. ಎಲೆ ಅಡುಗೆಮನೆ, ಹೂ ಉಣ್ಣುವ ಪಂಕ್ತಿ. ಪಂಕ್ತಿ ದೊಡ್ಡದಾಗಲೆಂದು ಅಡುಗೆಮನೆಯನ್ನು ಕೆಡಹುವುದುಂಟೆ ಎಂದು ಒಂದು ಪಕ್ಷದವರು ಕೇಳುತ್ತಾರೆ. ಕತ್ತಲೆ ಕವಿದ ಅಡುಗೆಮನೆಯಲ್ಲಿ ಒಲೆಯೇ ಉರಿಯದಿರುವಾಗ ಅದರಿಂದ ಏನು ಪ್ರಯೋಜನವೆಂಬುದು ಮತ್ತೊಂದು ಪಕ್ಷದ ಉತ್ತರ. ಎರಡು ಮಾತಿನಲ್ಲಿಯೂ ಹುರುಳಿದೆ.

ನಮ್ಮ ಭಾಷೆಯು ಈ ಗಿಡವನ್ನು ಎಲೆಯಿಂದಲೇ ಗುರುತಿಸಿತೆಂಬುದನ್ನು ಇಲ್ಲಿ ನೆನೆಯಬಹುದು. ಕನ್ನಡದಲ್ಲಿ ಇದು ‘ಬಂಗಿಸೊಪ್ಪು’. ಆಡುಮಾತಿನಲ್ಲಿ ಬರಿಯ ‘ಸೊಪ್ಪು’ ಎಂದರೂ ಕೆಲವೆಡೆ ಇದೇ ಅರ್ಥ. ಆದರೆ ವ್ಯಾಪಾರದ ಹಾಗೂ ರಾಜಸ್ವದ ಪರಿಭಾಷೆಯಲ್ಲಿ ಎಲೆಯಿಂದಾದುದು ಭಂಗಿ, ಹೂಗೊಂಚಲಿನಿಂದಾದುದು ಗಾಂಜಾ, ಬೇರ್ಪಡಿಸಿ ತೆಗೆದ ರಾಳ ಚರಸ್. ಈ ಮೂರು ಹೆಸರುಗಳ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳದಿದ್ದರೆ ಮುಂದಿನ ವಿಚಾರ ಗೋಜಲಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಂಗಾಳ ಪ್ರಾಂತದ ಗಾಂಜಾ ಕೃಷಿಯು ‘ಗಾಂಜಾ ಮಹಲ್’ ಎಂಬ ಒಂದು ಸಣ್ಣ ಭೂಭಾಗಕ್ಕೆ ಸೀಮಿತವಾಗಿದ್ದಿತು. ರಾಜಶಾಹಿ, ದಿನಾಜ್‌ಪುರ, ಬೊಗ್ರಾ ಜಿಲ್ಲೆಗಳು ಕೂಡುವ ಆ ಸೀಮೆಗೆ ನೌಗಾಂವ್ ಪಟ್ಟಣವೇ ಕೇಂದ್ರ. ಇಂದು ಅದು ಬಾಂಗ್ಲಾದೇಶದ ಒಂದು ಜಿಲ್ಲೆ; ರವೀಂದ್ರನಾಥ ಠಾಕೂರರ ಕುಟುಂಬದ ಜಮೀನ್ದಾರಿಗೆ ಸೇರಿದ್ದ ಪತಿಸರ್ ಗ್ರಾಮವೂ ಈ ಜಿಲ್ಲೆಯಲ್ಲಿಯೇ ಇದೆ ಎಂದರೆ ನಮ್ಮ ವಾಚಕರಿಗೆ ಸ್ಥಳದ ಗುರುತು ಸಿಕ್ಕೀತು. ಬೆಳೆಯುವವನಿಗೆ ಪರವಾನಗಿ ಬೇಕು. ಬೆಳೆದುದೆಲ್ಲವೂ ಅಬಕಾರಿ ಇಲಾಖೆಯ ಕಣ್ಣೆದುರಿಗೆ ಗೋದಾಮನ್ನು ಸೇರಬೇಕು. ಈ ಕೃಷಿಯನ್ನು ಕುರಿತು ಹೇಮಚಂದ್ರ ಕೆರ್ ಎಂಬ ಅಧಿಕಾರಿ 1877ರಲ್ಲಿ ವರದಿ ಬರೆದರು. ಕಲ್ಕತ್ತೆಯ ಸಸ್ಯೋದ್ಯಾನದಲ್ಲಿದ್ದ ಡೇವಿಡ್ ಪ್ರೇನ್ 1893ರಲ್ಲಿ ಮತ್ತೊಂದು ವರದಿಯನ್ನು ಸಿದ್ಧಪಡಿಸಿದರು. ಅದೇ ವರ್ಷ, ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದ್ದ ಪ್ರಶ್ನೆಯ ಫಲವಾಗಿ, ಮ್ಯಾಕ್‌ವರ್ತ್ ಯಂಗ್ ಅವರ ಅಧ್ಯಕ್ಷತೆಯಲ್ಲಿ ಏಳು ಸದಸ್ಯರ ಆಯೋಗವು ನೇಮಕಗೊಂಡು, 1193 ಸಾಕ್ಷಿಗಳ ಹೇಳಿಕೆಗಳನ್ನು ಪಡೆಯಿತು. ಸದಸ್ಯರಲ್ಲಿ ಮೂವರು ಭಾರತೀಯರು. ಅವರಲ್ಲೊಬ್ಬರು ತಾಹಿರ್‌ಪುರದ ರಾಜಾ ಶಶಿಶೇಖರೇಶ್ವರ ರಾಯ್, ಅಂದರೆ ಅದೇ ರಾಜಶಾಹಿ ಜಿಲ್ಲೆಯವರು. ಮಿತವಾದ ಸೇವನೆಯಿಂದಾಗುವ ಹಾನಿ ಅಷ್ಟೇನೂ ಗಣನೀಯವಲ್ಲವೆಂದೂ, ನಿಷೇಧಕ್ಕಿಂತ ಸುಂಕ ಹಾಗೂ ನಿಯಂತ್ರಣಗಳೇ ಲೇಸೆಂದೂ ಆಯೋಗ ತೀರ್ಮಾನಿಸಿದ ಸಂಗತಿ ಪ್ರಸಿದ್ಧವಾಗಿದೆ. ಚರಿತ್ರಕಾರರು ಬಹುಮಟ್ಟಿಗೆ ಈ ತೀರ್ಮಾನವನ್ನಷ್ಟೇ ಉದ್ಧರಿಸಿ ಮುಂದೆ ಸಾಗುತ್ತಾರೆ. ಕೃಷಿಯನ್ನು ಕುರಿತ ಅಧ್ಯಾಯವನ್ನು ಓದುವವರು ವಿರಳ. ನಮ್ಮ ಅಭಿಪ್ರಾಯದಲ್ಲಿ ಆ ಬೃಹತ್ ವರದಿಯ ಅತ್ಯಂತ ಬೆಲೆಯುಳ್ಳ ಭಾಗಗಳಲ್ಲಿ ಅದೊಂದು.

ಆ ವರ್ಣನೆಯ ಸಾರಾಂಶವಿದು. ಆಗಸ್ಟಿನಲ್ಲಿ ಒಟ್ಟಲು ಪಾತಿಗಳಲ್ಲಿ ಬೀಜ ಬಿತ್ತಿ, ಸೆಪ್ಟೆಂಬರಿನಲ್ಲಿ ಸಸಿಗಳನ್ನು ಕಿತ್ತು ಹೊಲದ ದಿಂಡುಗಳ ಮೇಲೆ ಸಾಲಾಗಿ ನೆಡುವರು. ನವೆಂಬರ್ ಹೊತ್ತಿಗೆ ಗಿಡ ಕವಲೊಡೆದು ತುಂಬಿಕೊಳ್ಳುತ್ತದೆ. ಆಗ ರೈತನು ಕೆಳಗಿನ ಕೊಂಬೆಗಳನ್ನು ಎಲೆಗಳ ಸಮೇತ ಸವರಿಹಾಕುತ್ತಾನೆ. ಬುಡಕ್ಕೆ ಗೊಬ್ಬರ ಹಾಕಿ ಮಣ್ಣೇರಿಸುತ್ತಾನೆ. ಗಿಡದ ಕಸುವೆಲ್ಲ ಮೇಲಕ್ಕೇರಲಿ ಎಂಬುದು ಉದ್ದೇಶ. ಇದಾದ ಮೇಲೆ ‘ಪೊದ್ದಾರ್’ ಎಂಬ ಕುಶಲಿಯನ್ನು ಕರೆಸುವುದುಂಟು. ಇಂಗ್ಲಿಷ್ ಅಧಿಕಾರಿಗಳು ಇವನನ್ನು ತಮ್ಮ ಬರಹಗಳಲ್ಲಿ ‘ಗಾಂಜಾ ವೈದ್ಯ’ನೆಂದು ಕರೆದರು. ಹೂ ಸರಿಯಾಗಿ ಅರಳುವ ಮೊದಲೇ ಗಂಡು ಗಿಡಗಳನ್ನು ಗುರುತಿಸಿ ಕಡಿದುಹಾಕುವುದು ಅವನ ಕಸುಬು. ಒಂದೆರಡು ಗಂಡು ಗಿಡಗಳು ತಪ್ಪಿ ಉಳಿದರೂ ಅವುಗಳ ಪರಾಗವು ಸುತ್ತಲಿನ ಹೆಣ್ಣು ಗಿಡಗಳನ್ನು ಸೋಂಕಿ, ಗಿಡದ ಶಕ್ತಿಯು ಬೀಜಕ್ಕೆ ವ್ಯಯವಾಗಿ, ರಾಳವು ಕುಂದುತ್ತದೆ. ಹೆಣ್ಣು ಗಿಡದಲ್ಲಿಯೂ ಅಪರೂಪಕ್ಕೆ ಗಂಡು ಹೂ ಕಾಣಿಸಿಕೊಳ್ಳುವುದರಿಂದ ಪೊದ್ದಾರ್ ಹೋದ ಮೇಲೂ ರೈತನು ಸಾಲು ಸಾಲನ್ನು ನೋಡುತ್ತಲೇ ಇರಬೇಕು. ಕೊಯ್ಲು ಫೆಬ್ರುವರಿ–ಮಾರ್ಚಿಯಲ್ಲಿ.

ಇಲ್ಲಿ ಒಂದು ಮಾತನ್ನು ಪ್ರಸಂಗವಶಾತ್ ಹೇಳಬಹುದು. ಗಂಡು ಹೆಣ್ಣೆಂಬ ಹೆಸರುಗಳನ್ನು ರೈತರು ಸಸ್ಯಶಾಸ್ತ್ರಕ್ಕೆ ತಿರುವುಮುರುವಾಗಿ ಬಳಸುತ್ತಿದ್ದುದು ಈ ಬೆಳೆಯ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣಬರುತ್ತದೆ. ನಾರಿಗಾಗಿ ಇದೇ ಸಸ್ಯವನ್ನು ಬೆಳೆಯುತ್ತಿದ್ದ ಇಂಗ್ಲೆಂಡಿನಲ್ಲಿಯೂ ಬೀಜ ಬಿಡುವ ಒರಟಾದ ಗಿಡವು ‘ಗಂಡು’ ಎನಿಸಿಕೊಂಡಿತ್ತು, ತೆಳುವಾದ ಪರಾಗದ ಗಿಡವು ‘ಹೆಣ್ಣು’ ಎನಿಸಿಕೊಂಡಿತ್ತು. ಹೆಸರು ತಪ್ಪಿದರೂ ಪೊದ್ದಾರನ ಕೈ ತಪ್ಪುತ್ತಿರಲಿಲ್ಲವೆಂಬುದು ಮುಖ್ಯ.

ಈ ವರ್ಣನೆಯಲ್ಲಿ ಗಮನಿಸಬೇಕಾದ ಅಂಶವೆಂದರೆ, ಹೊಲದಲ್ಲಿ ಮೊದಲು ಕತ್ತಿ ಬೀಳುವುದು ನೆರಳಿನಲ್ಲಿರುವ ಕೆಳಗಿನ ಕೊಂಬೆಗಳಿಗೆ. ಎಲೆಯ ಬಹುಭಾಗವು ಗಿಡವನ್ನು ಬಿಟ್ಟು ಹೋಗುವುದು ಕೊಯ್ಲಿನ ಅನಂತರ, ‘ಚಾತರ್’ ಎಂಬ ಕಣದಲ್ಲಿ. ಕೊಯ್ದ ಗಿಡಗಳನ್ನು ಅಲ್ಲಿ ಬಿಸಿಲಿಗೆ ಬಾಡಿಸಿ, ಹೂವಿಲ್ಲದ ಕಡ್ಡಿಯನ್ನು ಕತ್ತರಿಸಿ, ಉಳಿದುದನ್ನು ಬರಿಗಾಲಿನಿಂದ ತುಳಿಯುವರು. ರಾಳದ ಅಂಟಿನಿಂದ ಹೂಗೊಂಚಲುಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ; ರಾಳವಿಲ್ಲದ ಎಲೆ ಮೆತ್ತಿಕೊಳ್ಳದೆ, ಕೊಡವಿದಾಗ ಉದುರಿಹೋಗುತ್ತದೆ. ಚಪ್ಪಟೆಯಾಗಿ ತುಳಿದುದು ಒಂದು ಬಗೆ. ಆಳುಗಳು ಅಡ್ಡಲಾಗಿ ಕಟ್ಟಿದ ಬಿದಿರನ್ನು ಹಿಡಿದು ನಿಂತು, ಪಾದದಡಿಯಲ್ಲಿ ಹೊರಳಿಸಿ ಮಾಡಿದ ‘ಉರುಟು ಗಾಂಜಾ’ ಎರಡನೆಯದು. ಕಡ್ಡಿಯಿಂದ ಬೇರ್ಪಟ್ಟ ಹೂವಿನ ಚೂರುಗಳೇ ‘ಚೂರ್’ ಎಂಬ ಮೂರನೆಯದು. ಚಪ್ಪಟೆಯದರಲ್ಲಿ ಕಡ್ಡಿಯ ಪಾಲು ಹೆಚ್ಚು, ಉರುಟಿನಲ್ಲಿ ಕಡಿಮೆ, ಚೂರಿನಲ್ಲಿ ಇಲ್ಲವೆನ್ನುವಷ್ಟು.

ಸರ್ಕಾರದ ಲೆಕ್ಕವು ಇಲ್ಲಿಂದ ಮೊದಲಾಗುತ್ತದೆ. ಸುಂಕವನ್ನು ಸೇರಿನ ತೂಕದ ಮೇಲೆ ವಿಧಿಸುತ್ತಿದ್ದರು. ಎಲ್ಲಕ್ಕೂ ಒಂದೇ ದರವಿದ್ದರೆ ಕಡ್ಡಿ–ಎಲೆಗಳಿರುವ ಸರಕಿನ ಮೇಲೆ ಸುಂಕ ಕೊಟ್ಟವನು ನಿರುಪಯುಕ್ತ ವಸ್ತುವಿಗೂ ತೆರಿಗೆ ತೆತ್ತಂತಾಗುತ್ತದೆ. ಶುದ್ಧ ಮಾಡಿದವನು ಅದೇ ಸುಂಕದಲ್ಲಿ ಹೆಚ್ಚು ಮಾದಕವನ್ನು ಒಯ್ದಂತಾಗುತ್ತದೆ. ಇದನ್ನು ಸರಿದೂಗಿಸಲು ಬಂಗಾಳದ ಅಬಕಾರಿ ಇಲಾಖೆಯು ಚಪ್ಪಟೆಗೆ ಕಡಿಮೆ, ಉರುಟಿಗೆ ಅದಕ್ಕಿಂತ ಹೆಚ್ಚು, ಚೂರಿಗೆ ಅತಿ ಹೆಚ್ಚು ಎಂದು ಮೂರು ದರಗಳನ್ನು ಗೊತ್ತುಪಡಿಸಿತು. ಕಡ್ಡಿಯೊಂದನ್ನು ಎಲ್ಲಿ ಕತ್ತರಿಸಬೇಕೆಂಬ ನಿರ್ಧಾರದಲ್ಲಿ ಸಸ್ಯದ ಸ್ವಭಾವದಷ್ಟೇ ಈ ದರಪಟ್ಟಿಯೂ ಕೆಲಸ ಮಾಡುತ್ತಿದ್ದಿರಬೇಕೆಂದು ನಮಗೆ ತೋರುತ್ತದೆ. ನೌಗಾಂವಿನ ಬೆಳೆಗಾರರು 1917ರಲ್ಲಿ ಸಹಕಾರ ಸಂಘವನ್ನು ಸ್ಥಾಪಿಸಿಕೊಂಡು ದೀರ್ಘಕಾಲ ಈ ಬೆಳೆಯನ್ನು ನಡೆಸಿದರು. 1980ರ ದಶಕದಲ್ಲಿ ಬಾಂಗ್ಲಾದೇಶದ ಸರ್ಕಾರ ಅದನ್ನು ನಿಲ್ಲಿಸಿತು.

ಬಯಲಿನ ಈ ಬೆಳೆ ದೀಪದ ಕೋಣೆಯನ್ನು ಸೇರಿದುದು ಬೇರೊಂದು ಖಂಡದಲ್ಲಿ, ಬೇರೊಂದು ಕಾರಣದಿಂದ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1983ರಿಂದ ವಿಮಾನ–ಹೆಲಿಕಾಪ್ಟರುಗಳ ಮೂಲಕ ಗಾಂಜಾ ತೋಟಗಳನ್ನು ಹುಡುಕಿ ನಾಶಪಡಿಸುವ ಕಾರ್ಯಾಚರಣೆ ಆರಂಭವಾಯಿತು. ಆಕಾಶದಿಂದ ಕಾಣದಿರಲೆಂದು ಬೆಳೆಗಾರರು ಮಾಡಿನ ಕೆಳಗೆ ಸರಿದರು. ಬೀಜರಹಿತ ಹೆಣ್ಣು ಹೂವನ್ನು ಬೆಳೆಯುವ ಪದ್ಧತಿಗೆ ಅವರು ‘ಸಿನ್ಸೆಮಿಲ್ಲಾ’ ಎಂಬ ಸ್ಪ್ಯಾನಿಷ್ ಹೆಸರನ್ನು ಬಳಸಿದರು; ತತ್ತ್ವತಃ ಅದು ಪೊದ್ದಾರನ ವಿದ್ಯೆಯೇ. ಹಗಲು ಕುಗ್ಗಿದಾಗ ಈ ಗಿಡ ಹೂಬಿಡುತ್ತದೆಂಬುದನ್ನು ಫ್ರಾನ್ಸಿನ ಟೂರ್ನ್ವಾ 1912ರಲ್ಲಿಯೇ ಪ್ರಯೋಗದಿಂದ ಕಂಡಿದ್ದರು. ನೌಗಾಂವಿನಲ್ಲಿ ನವೆಂಬರ್ ತಿಂಗಳು ಮಾಡುತ್ತಿದ್ದ ಕೆಲಸವನ್ನು ಕೋಣೆಯಲ್ಲಿ ಹನ್ನೆರಡು ಗಂಟೆಗೊಮ್ಮೆ ದೀಪವಾರಿಸುವ ಗಡಿಯಾರ ಮಾಡತೊಡಗಿತು.

ಆದರೆ ದೀಪವು ಸೂರ್ಯನಲ್ಲ. ಸೂರ್ಯನು ದಿನವಿಡೀ ದಿಕ್ಕು ಬದಲಿಸುತ್ತ, ಗಿಡದ ಪಕ್ಕಗಳಿಗೂ ಬೆಳಕು ಕೊಡುತ್ತಾನೆ. ದೀಪ ನೆತ್ತಿಯ ಮೇಲೆ ಕದಲದೆ ನಿಂತಿರುತ್ತದೆ. ಮೇಲಿನ ಎಲೆಗಳ ಚಪ್ಪರವನ್ನು ದಾಟಿ ಕೆಳಗಿಳಿಯುವ ಬೆಳಕು ಬಹಳ ಸ್ವಲ್ಪ. ಈ ಗಿಡಕ್ಕೆ ಬೆಳಕಿನ ಹಸಿವು ಎಷ್ಟೆಂಬುದನ್ನು ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾನಿಲಯದವರು 2021ರಲ್ಲಿ ಪ್ರಕಟಿಸಿದ ಪ್ರಯೋಗವು ತೋರಿಸಿದೆ: ಸಾಮಾನ್ಯ ಕೋಣೆಗಳಲ್ಲಿ ಬಳಸುವುದಕ್ಕಿಂತ ಬಹಳ ಹೆಚ್ಚಿನ ಬೆಳಕನ್ನು ಕೊಟ್ಟಾಗಲೂ ಹೂವಿನ ಇಳುವರಿ ಅದೇ ಪ್ರಮಾಣದಲ್ಲಿ ಏರುತ್ತಲೇ ಹೋಯಿತು. ಇಸ್ರೇಲಿನ ಸಂಶೋಧಕರು 2019ರಲ್ಲಿ, ಒಂದೇ ಗಿಡದ ತುದಿಯ ಹೂವಿನಲ್ಲಿರುವ ಸತ್ತ್ವವು ಕೆಳಗಿನ ಹೂವಿನಲ್ಲಿರುವುದಿಲ್ಲವೆಂದು ತೋರಿಸಿದರು. ಕೊಂಬೆ ಎಲೆಗಳನ್ನು ಸವರಿ ಗಿಡದ ಆಕಾರವನ್ನು ತಿದ್ದಿದರೆ ಸತ್ತ್ವವು ಗಿಡದುದ್ದಕ್ಕೂ ಹೆಚ್ಚು ಸಮನಾಗುವುದೆಂದು 2021ರಲ್ಲಿ ವರದಿ ಮಾಡಿದರು. ಔಷಧ ತಯಾರಕನಿಗೆ ಈ ಸಮತೆಯೇ ಮುಖ್ಯ. ತೂಕವನ್ನು ಮಾತ್ರ ನೋಡುವವನಿಗೆ ಅದು ಅಷ್ಟು ಮುಖ್ಯವಲ್ಲ. ಈ ಇಬ್ಬರೂ ‘ಎಲೆ ತೆಗೆಯಬೇಕೇ’ ಎಂಬ ಒಂದೇ ವಾಕ್ಯವನ್ನು ಆಡಿದರೂ ಕೇಳುತ್ತಿರುವ ಪ್ರಶ್ನೆಗಳು ಎರಡು.

ಎಲೆ ತೆಗೆಯಬೇಕೆನ್ನುವವರು ಸಾಮಾನ್ಯವಾಗಿ ಹೇಳುವ ಒಂದು ಕಾರಣವನ್ನು ಮಾತ್ರ ಒಪ್ಪುವುದು ಕಷ್ಟ. ನೆರಳಿನ ಎಲೆಯು ಪರೋಪಜೀವಿಯಂತೆ ಮೇಲಿನ ಎಲೆಗಳು ಸಿದ್ಧಪಡಿಸಿದ ಆಹಾರವನ್ನು ಕಬಳಿಸುತ್ತದೆ ಎನ್ನುತ್ತಾರೆ. ಬಲಿತ ಎಲೆ ಬೇರೆ ಎಲೆಗಳಿಂದ ಸಕ್ಕರೆಯನ್ನು ತರಿಸಿಕೊಳ್ಳುವುದಿಲ್ಲವೆಂಬುದು ಸಸ್ಯಶಾಸ್ತ್ರದ ಸಾಮಾನ್ಯ ತಿಳಿವಳಿಕೆ. ಬೆಳಕು ಸಾಲದಾದಾಗ ಅದು ಹಳದಿಗೊಂಡು, ತನ್ನಲ್ಲಿದ್ದ ಸಾರಜನಕವನ್ನು ಗಿಡಕ್ಕೆ ಹಿಂದಿರುಗಿಸಿ ಉದುರುತ್ತದೆ. ಅವಸರದಲ್ಲಿ ಕಿತ್ತರೆ ಆ ಹಿಂದಿರುಗಿಸುವಿಕೆಯೂ ತಪ್ಪುತ್ತದೆ. ಆದರೆ ಮತ್ತೊಂದು ಕಾರಣ ಗಟ್ಟಿಯಾದುದು. ಗಾಳಿಯಾಡದ ಕೋಣೆಯಲ್ಲಿ ಒತ್ತಾಗಿ ಬೆಳೆದ ಎಲೆಗಳ ನಡುವೆ ತೇವ ನಿಂತು, ಹೂಗೊಂಚಲನ್ನು ಒಳಗಿನಿಂದ ಕೊಳೆಸುವ ಬೂದು ಬೂಷ್ಟೂ ಎಲೆಯ ಮೇಲಿನ ಬೂದಿರೋಗವೂ ಹರಡುತ್ತವೆ. ಮಾಘ ಮಾಸದ ಒಣಗಾಳಿಯಲ್ಲಿ ಹೂ ಬಲಿಯುತ್ತಿದ್ದ ನೌಗಾಂವಿನ ಹೊಲಕ್ಕೆ ಈ ಭಯ ಇಷ್ಟಾಗಿರಲಾರದು. ಕೋಣೆಯ ಬೆಳೆಗಾರರಲ್ಲಿ ಕೆಳಗಿನ ಕೊಂಬೆಗಳನ್ನು ಬೋಳಿಸಿ ಕಡ್ಡಿಯ ತುದಿಯಲ್ಲಿ ಮಿಠಾಯಿಯಿಟ್ಟಂತೆ ಮೇಲ್ಭಾಗವನ್ನಷ್ಟೇ ಉಳಿಸುವ ಕ್ರಮಕ್ಕೆ ‘ಲಾಲಿಪಾಪಿಂಗ್’ ಎಂಬ ಹೊಸ ಹೆಸರಿದೆ. ಹೆಸರು ಹೊಸದು; ಕೆಲಸ ನವೆಂಬರ್ ತಿಂಗಳಲ್ಲಿ ರಾಜಶಾಹಿಯ ರೈತ ಮಾಡುತ್ತಿದ್ದುದೇ. ನಮ್ಮ ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬೆಳೆಗಾರನು ಇದಕ್ಕೆ ನೇರ ವಿರುದ್ಧವಾಗಿ ನಡೆಯುತ್ತಾನೆ: ಎಲೆ ದಪ್ಪವಾಗಲೆಂದು ಹೂಗೊಂಚಲನ್ನು ಚಿವುಟುತ್ತಾನೆ. ಇಬ್ಬರಿಗೂ ಗೊತ್ತಿರುವುದು ಒಂದೇ ಸಂಗತಿ. ಮಾರುವ ವಸ್ತು ಬೇರೆ.

ಎಣಿಕೆಯ ವಿಚಾರಕ್ಕೆ ಹಿಂದಿರುಗೋಣ. ಅಮೆರಿಕದ 1937ರ ಕಾಯಿದೆಯು ಬಲಿತ ಕಾಂಡ, ಮೊಳೆಯದಂತೆ ಮಾಡಿದ ಬೀಜ ಮುಂತಾದುವನ್ನು ಮಾತ್ರ ಹೊರಗಿಟ್ಟು ಎಲೆಯನ್ನು ಒಳಗೆ ಸೇರಿಸಿತು. ಮುಂದೆ 1980ರ ದಶಕದ ಅಲ್ಲಿನ ಕಾನೂನು ಗಿಡಗಳ ಸಂಖ್ಯೆಯ ಮೇಲೆ ಶಿಕ್ಷೆಯನ್ನು ನಿಗದಿಮಾಡಿತು: 100 ಗಿಡಕ್ಕೆ ಕನಿಷ್ಠ 5 ವರ್ಷ, 1000 ಗಿಡಕ್ಕೆ ಕನಿಷ್ಠ 10 ವರ್ಷ. ಕೆನಡಾವು 2018ರಲ್ಲಿ ಬೆಳೆಗೆ ಅವಕಾಶ ಕೊಟ್ಟಾಗಲೂ ಮನೆಗೆ 4 ಗಿಡವೆಂದು ಸಂಖ್ಯೆಯನ್ನೇ ಹೇಳಿತು. ಜರ್ಮನಿ 2024ರಲ್ಲಿ ವಯಸ್ಕನಿಗೆ 3 ಗಿಡವೆಂದಿತು. ಎಣಿಕೆ ಗಿಡದ ಮೇಲೆ ನಿಂತಾಗ, ಪ್ರತಿಯೊಂದು ಗಿಡದಿಂದಲೂ ಸಾಧ್ಯವಾದಷ್ಟನ್ನು ಪಡೆಯಲು ಕೊಂಬೆ ಬಗ್ಗಿಸಿ, ಎಲೆ ಸವರಿ, ಒಂದೊಂದು ಗಿಡವನ್ನೂ ಶಿಲ್ಪದಂತೆ ತಿದ್ದುವ ಹವ್ಯಾಸ ಬೆಳೆಯುವುದು ಆಶ್ಚರ್ಯವಲ್ಲ. ತೂಕದ ಲೆಕ್ಕವಿದ್ದ ನೌಗಾಂವಿನಲ್ಲಿ ಶ್ರಮವೆಲ್ಲ ಕೊಯ್ಲಿನ ಅನಂತರದ ಕಣಕ್ಕೆ ಬಿದ್ದಿತು. ಸಂಖ್ಯೆಯ ಲೆಕ್ಕವಿರುವ ಕೋಣೆಯಲ್ಲಿ ಅದು ಬೆಳವಣಿಗೆಯ ಕಾಲಕ್ಕೆ ಸರಿಯಿತು.

ಅಂತರರಾಷ್ಟ್ರೀಯ ಕಾನೂನಿನ ದಾರಿ ಇವೆರಡಕ್ಕಿಂತ ಭಿನ್ನ. ಜಿನೀವಾದ 1925ರ ಒಪ್ಪಂದವು ಹೆಣ್ಣು ಗಿಡದ ಹೂವಿನ ಅಥವಾ ಕಾಯಿಯ ಒಣಗಿದ ತುದಿಗಳನ್ನು ಮಾತ್ರ ತನ್ನ ವ್ಯಾಖ್ಯೆಗೆ ಒಳಪಡಿಸಿತು; ಪೊದ್ದಾರನ ವಿವೇಚನೆಯೇ ರಾಷ್ಟ್ರಗಳ ಶಾಸನವಾದಂತೆ! ವಿಶ್ವಸಂಸ್ಥೆಯ 1961ರ ಏಕೀಕೃತ ಒಪ್ಪಂದವು ಹೆಣ್ಣು ಗಂಡಿನ ಭೇದವನ್ನು ಕೈಬಿಟ್ಟಿತು. ಆದರೆ ಹೂವಿನ ತುದಿಯ ಜೊತೆಗಿಲ್ಲದ ಎಲೆಯನ್ನೂ ಬೀಜವನ್ನೂ ವ್ಯಾಖ್ಯೆಯಿಂದ ಹೊರಗಿಟ್ಟಿತು. ಭಾರತದ 1985ರ ಮಾದಕ ದ್ರವ್ಯ ಕಾಯಿದೆಯು ಹೆಚ್ಚುಕಡಿಮೆ ಇದೇ ಮಾತುಗಳನ್ನು ಅನುಸರಿಸಿದೆ. ಭಂಗಿಯು ಈ ಕಾಯಿದೆಯ ವ್ಯಾಖ್ಯೆಯಿಂದ ತಪ್ಪಿಸಿಕೊಂಡು ರಾಜ್ಯಗಳ ಅಬಕಾರಿ ನಿಯಮಗಳ ಪಾಲಿಗೆ ಉಳಿದುದು ಹೀಗೆ. ಕರ್ನಾಟಕದ ಉಚ್ಚ ನ್ಯಾಯಾಲಯವು 2022ರಲ್ಲಿ, ಭಂಗಿಯನ್ನು ವಶಪಡಿಸಿಕೊಂಡ ಪ್ರಕರಣವೊಂದರಲ್ಲಿ ಜಾಮೀನು ಕೊಡುವಾಗ, ಭಂಗಿಯನ್ನು ಈ ಕಾಯಿದೆಯು ಎಲ್ಲಿಯೂ ಹೆಸರಿಸಿ ನಿಷೇಧಿಸಿಲ್ಲವೆಂಬುದನ್ನು ಪರಿಗಣಿಸಿತು. ಆದರೆ ಗಿಡವನ್ನು ಪರವಾನಗಿಯಿಲ್ಲದೆ ಬೆಳೆಸುವುದು, ಕೋಣೆಯಲ್ಲಾಗಲಿ ಹೊಲದಲ್ಲಾಗಲಿ, ನಮ್ಮ ದೇಶದಲ್ಲಿ ಅಪರಾಧವೇ. ಅದಕ್ಕೆ 10 ವರ್ಷಗಳವರೆಗೆ ಸೆರೆವಾಸವಾಗಬಹುದು.

ಎಲೆಯ ಪ್ರಶ್ನೆ ನಮ್ಮಲ್ಲಿ ಅತ್ಯಂತ ತೀವ್ರವಾಗುವುದು ತಕ್ಕಡಿಯ ಬಳಿಯಲ್ಲಿ. ಕಾಯಿದೆಯ 2001ರ ತಿದ್ದುಪಡಿಯ ಅನಂತರ ಶಿಕ್ಷೆಯು ತೂಕವನ್ನು ಅನುಸರಿಸುತ್ತದೆ. ಗಾಂಜಾಕ್ಕೆ 1 ಕಿಲೋಗ್ರಾಮಿನವರೆಗೆ ಅಲ್ಪ ಪ್ರಮಾಣ. 20 ಕಿಲೋಗ್ರಾಮನ್ನು ಮೀರಿದರೆ ವಾಣಿಜ್ಯ ಪ್ರಮಾಣ. ಮೊದಲನೆಯದಕ್ಕೆ ಗರಿಷ್ಠ ಒಂದು ವರ್ಷ. ಎರಡನೆಯದಕ್ಕೆ ಕನಿಷ್ಠವೇ 10 ವರ್ಷ, ಜಾಮೀನೂ ಸುಲಭವಲ್ಲ. ಈಗ ಒಬ್ಬನ ಬಳಿ ಸಿಕ್ಕಿದ ಚೀಲದಲ್ಲಿ ಹೂವಿನ ತುದಿ, ಎಲೆ, ಕಡ್ಡಿ, ಬೀಜ ಎಲ್ಲವೂ ಬೆರೆತಿವೆಯೆಂದು ಭಾವಿಸೋಣ. ಒಟ್ಟು ತೂಗಿದರೆ 22 ಕಿಲೋಗ್ರಾಂ. ಬಿಡಿ ಎಲೆ ಬೀಜಗಳನ್ನು ಬೇರ್ಪಡಿಸಿದರೆ ಹೂವಿನ ತುದಿಗಳು 14 ಕಿಲೋಗ್ರಾಂ. ಯಾವುದನ್ನು ಗಾಂಜಾದ ತೂಕವೆನ್ನಬೇಕು? ‘ತುದಿಯ ಜೊತೆಗಿರುವ’ ಎಲೆ ಎಂದರೆ ಕೊಂಬೆಗೆ ಅಂಟಿಕೊಂಡಿರುವ ಎಲೆಯೋ, ಒಂದೇ ಚೀಲದಲ್ಲಿರುವ ಎಲೆಯೋ? ಈ ವಾದ ದೇಶದ ಹಲವು ಉಚ್ಚ ನ್ಯಾಯಾಲಯಗಳ ಮುಂದೆ ಬಂದಿದೆ. ಬೇರ್ಪಡಿಸದೆ ತೂಗಿದುದು ಆರೋಪಿಗೆ ಅನುಕೂಲವಾದ ಪ್ರಸಂಗಗಳಿವೆ; ಹೂವಿನ ತುದಿಯೊಡನೆ ಬೆರೆತ ಎಲೆಯೂ ಗಾಂಜಾವೇ ಎಂದ ಪ್ರಸಂಗಗಳೂ ಇವೆ.

ಬಂಗಾಳದ ಅಬಕಾರಿ ಇಲಾಖೆಯು ಚಪ್ಪಟೆ, ಉರುಟು, ಚೂರ್ ಎಂದು ಮೂರು ದರಗಳನ್ನಿಟ್ಟು ಬಗೆಹರಿಸಿಕೊಂಡಿದ್ದುದು ಇದೇ ತೊಡಕನ್ನು. ಅಂದು ಅದರ ಮೇಲೆ ನಿಂತಿದ್ದುದು ಸೇರಿಗೆ ಕೆಲವು ರೂಪಾಯಿಗಳ ಸುಂಕ. ಇಂದು ಒಬ್ಬ ಮನುಷ್ಯನ ಹತ್ತು ವರ್ಷಗಳು. ಕೊಯ್ಲಾದ ಸೊಪ್ಪನ್ನು ಬಿಡಿಸಿ ತೂಗುವ ಕ್ರಮವನ್ನು ನೌಗಾಂವಿನ ಕಣದಲ್ಲಿ ಪ್ರತಿ ವರ್ಷ ಮಾರ್ಚಿ ತಿಂಗಳಲ್ಲಿ ಬರಿಗಾಲಿನ ಕೂಲಿಯಾಳುಗಳು ನಿರ್ವಹಿಸುತ್ತಿದ್ದರು, ಅದನ್ನು ಅಧಿಕಾರಿಗಳು ದಾಖಲಿಸಿಯೂ ಇದ್ದರು. ಆಯೋಗದ ವರದಿಯ ಕೃಷಿಯ ಅಧ್ಯಾಯವನ್ನು ಚರಿತ್ರೆಯ ವಿದ್ಯಾರ್ಥಿಗಳ ಜೊತೆಗೆ ಕಾನೂನಿನ ವಿದ್ಯಾರ್ಥಿಗಳಿಗೂ ಓದಿಸಬೇಕೆಂದು ನಾವು ಸೂಚಿಸುವುದು ಈ ಕಾರಣದಿಂದಲೇ.